ಬೀಗ ಎಳೆದು ನೋಡಿದವನಿಗೂ ಒಂದು ಹಾರ ಬೇಡವೇ?

ಏಪ್ರಿಲ್ 21 ಬಂತೆಂದರೆ ರಾಜ್ಯ ಸರ್ಕಾರಿ ನೌಕರರ ದಿನಾಚರಣೆ. ವೇದಿಕೆ, ಭಾಷಣ, ಶಾಲು, ಸರ್ವೋತ್ತಮ ಸೇವಾ ಪ್ರಶಸ್ತಿ. ಒಳ್ಳೇದೇ. ದುಡಿದವನ ಬೆನ್ನು ತಟ್ಟಲೇಬೇಕು. ಆದರೆ ತಟ್ಟೋಕೆ ಕೆಲಸ ಕಣ್ಣಿಗೆ ಕಾಣಬೇಕಲ್ಲ! ಕಟ್ಟಿದ ಸೇತುವೆ ಕಾಣುತ್ತೆ, ವಿಲೇವಾರಿಯಾದ ಕಡತ ಲೆಕ್ಕಕ್ಕೆ ಸಿಗುತ್ತೆ. ನಡೆಯದೇ ತಪ್ಪಿದ ಕಳ್ಳತನವನ್ನು ತೋರಿಸೋದು ಹೇಗೆ?

ಪಹಣಿ, ಕ್ರಯಪತ್ರ, ಟೆಂಡರ್ ಹಣ ಎಲ್ಲಾ ಈಗ ಕಂಪ್ಯೂಟರಿನಲ್ಲಿ. ಕಳ್ಳನೂ ಕನ್ನಗತ್ತಿ ಬಿಸಾಕಿ ಅಲ್ಲಿಗೇ ಬಂದಿದ್ದಾನೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ನುಗ್ಗಿದವರು ಗುತ್ತಿಗೆದಾರರು ಇಟ್ಟ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿ ಹಾರಿಸಿದರು. 2023ರಲ್ಲಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು, ಆಧಾರ್ ಸಂಖ್ಯೆ ಕದ್ದು ಜನರ ಬ್ಯಾಂಕ್ ಖಾತೆಗೇ ಕೈ ಹಾಕಿದರು. ಬೆಂಗಳೂರಿನ ಠಾಣೆಗಳಲ್ಲಿ ದೂರಿನ ಮೇಲೆ ದೂರು.

2025ರ ಜನವರಿಯಲ್ಲಿ ‘ಕಾವೇರಿ’ ನೋಂದಣಿ ತಂತ್ರಾಂಶ ಪದೇ ಪದೇ ಕೈಕೊಟ್ಟಿತು. ಕೂಲಿ ಬಿಟ್ಟು, ಅಂಗಡಿ ಮುಚ್ಚಿ ಬಂದವರು ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲ ಮೇಲೆ ಕೂತರು. ‘ಸರ್ವರ್ ಡೌನ್’ ಎಂದ ಗುಮಾಸ್ತನಿಗೆ ಬೈಗುಳ. ಆಮೇಲೆ ನೋಡಿದರೆ ಯಾರೋ 62 ಖಾತೆಗಳಿಂದ ಸುಳ್ಳು ಕೋರಿಕೆಗಳ ಮಳೆ ಸುರಿಸಿದ್ದರು! ಫೆಬ್ರುವರಿಯಲ್ಲಿ ಪ್ರಕರಣ ದಾಖಲಾಯಿತು.

ಇಂಥದ್ದನ್ನು ತಡೆಯೋರು ದೊಡ್ಡ ಎಂಜಿನಿಯರುಗಳು ಮಾತ್ರ ಅಲ್ಲ. ಸಾಹೇಬರ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದ ಕಚೇರಿಗೆ ಎಂಥ ಯಂತ್ರ ತಂದರೇನು? ‘ನನ್ನ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಡೋದಿಲ್ಲ’ ಎನ್ನುವ ಗುಮಾಸ್ತ, ಏಜೆಂಟನ್ನು ಕುರ್ಚಿಯಿಂದ ಎಬ್ಬಿಸುವ ಆಪರೇಟರ್, ಲೆಕ್ಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೂ ಕೆದಕುವ ಲೆಕ್ಕಿಗ, ಇವರೇ ಮೊದಲ ಕಾವಲು. ಇವರಿಗೆ ಸಿಗೋ ಬಿರುದು ಮಾತ್ರ ‘ಸೊಕ್ಕಿನವ’, ‘ಕೆಲಸ ತಡೆಯೋನು’.

ಕಂಪ್ಯೂಟರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ಆದೇಶಿಸಿದೆ. ಆದರೆ ಬಾಯಿ ಬಿಟ್ಟವನಿಗೇ ಮೊದಲ ನೋಟಿಸು ಬರುತ್ತದೆಂಬ ಭಯವಿದ್ದರೆ ಯಾರು ತಾನೇ ಹೇಳಿಯಾರು? ಮುಚ್ಚಿಟ್ಟ ಗಾಯ ಕೀವಾಗುತ್ತೆ, ನೋವು ತಿನ್ನೋರು ಜನ.

ಅಮೆರಿಕದಲ್ಲಿ 2004ರಿಂದಲೇ ಸರ್ಕಾರಿ ಮಾಹಿತಿ ಭದ್ರತೆಗೆಂದು ಪ್ರತ್ಯೇಕ ಪ್ರಶಸ್ತಿ ಶುರುವಾಯಿತು. ಯಂತ್ರ ಸುಧಾರಿಸಿದವರಿಗಷ್ಟೇ ಅಲ್ಲ, ಸಹೋದ್ಯೋಗಿಗಳನ್ನು ತರಬೇತು ಮಾಡಿದವರಿಗೂ ಅಲ್ಲಿ ಮಾನ್ಯತೆ ಸಿಕ್ಕಿತು.

ನಮ್ಮಲ್ಲಿ ಹೊಸ ಸಮಾರಂಭವೇನೂ ಬೇಡ, ಇರೋ ಪ್ರಶಸ್ತಿಯೇ ಸಾಕು. ಆಯ್ಕೆ ಮಾಡುವಾಗ ಮೂರು ಪ್ರಶ್ನೆ ಕೇಳಲಿ: ದಾಖಲೆ ಕಾದವರು ಯಾರು? ತಪ್ಪು ಕಂಡಾಗ ಮೊದಲು ಹೇಳಿದವರು ಯಾರು? ಪಕ್ಕದವನಿಗೆ ಕಲಿಸಿದವರು ಯಾರು?

ರಾತ್ರಿ ಬಾಗಿಲು ಹಾಕಿದ ಮೇಲೆ ಬೀಗವನ್ನು ಎರಡು ಸಲ ಎಳೆದು ನೋಡುವ ಹುಡುಗನಿಗೆ ಹಬ್ಬಕ್ಕೆ ನಾಲ್ಕು ಕಾಸು ಜಾಸ್ತಿ ಕೊಡೋದು ಅಂಗಡಿಯವರಿಗೆ ಗೊತ್ತು. ಸರ್ಕಾರಕ್ಕೆ ಗೊತ್ತಾಗೋದು ಯಾವಾಗ?