ಬೆಟ್ಟಕ್ಕೂ ಒಂದು ಮನೆಮಾತು

ಮಕ್ಕಳೇ, ವೇಲ್ಸ್ ದೇಶದ ಅತಿ ಎತ್ತರದ ಬೆಟ್ಟವನ್ನು ನೀವು 'ಸ್ನೋಡನ್' ಎಂದು ಓದಿರುತ್ತೀರಿ. ಎತ್ತರ 1085 ಮೀಟರ್. ಆ ಹೆಸರಿನಲ್ಲಿ ಬರೀ ಹಿಮವಿದೆ. ವೆಲ್ಷ್ ಭಾಷೆಯವರಿಗೆ ಅದು 'ಅರ್ ವಿದ್ವಾ', ಅಂದರೆ ಸಮಾಧಿಯ ದಿಬ್ಬ. ರಾಜರ ಗಡ್ಡಗಳಿಂದ ಮೇಲಂಗಿ ಮಾಡಿಸಿಕೊಂಡ ದೈತ್ಯನೊಬ್ಬ ಅಲ್ಲಿ ಮಲಗಿದ್ದಾನಂತೆ! 2022ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತ ಈ ಹೆಸರನ್ನೇ ಬಳಸಲು ತೀರ್ಮಾನಿಸಿತು.

ದೊಡ್ಡ ಬೆಟ್ಟದ ಹೆಸರೇನೋ ಉಳಿಯಿತು. ಸಣ್ಣ ಗುಡ್ಡಗಳದ್ದು? ಅವನ್ನು 1840ರ ಸುಮಾರಿನ ತೆರಿಗೆ ನಕ್ಷೆಗಳಲ್ಲಿ, ಕುರಿ ಮೇಯಿಸುವ ಹಿರಿಯರ ನೆನಪಿನಲ್ಲಿ ಹುಡುಕಬೇಕು. ಹೆಸರಲ್ಲಿ 'ಪೆನ್' ಇದ್ದರೆ ತಲೆ, 'ಮೊಯಲ್' ಇದ್ದರೆ ಬೋಳುಗುಡ್ಡ. ಭಾಷೆ ಬಲ್ಲವರಿಗೆ ಹೆಸರೇ ದಾರಿ ಹೇಳುತ್ತದೆ.

ನಕ್ಷೆ ಕಪಾಟಿನಲ್ಲಿ ಕಾಯುತ್ತದೆ, ಹಿರಿಯರು ಕಾಯಲಾರರು. ಈ ರಜೆಯಲ್ಲಿ ಊರಿಗೆ ಹೋದಾಗ, ಮನೆ ಹಿಂದಿನ ಗುಡ್ಡದ ಹೆಸರನ್ನು ಅಜ್ಜಿಯಿಂದ ಕೇಳಿ ಬರೆದಿಟ್ಟುಕೊಳ್ಳಿ.