ಪಾಯಿಂಟು ಕೊಸರಲ್ಲ ಕಣ್ರಕ್ಕಾ

ಒಂದು ಮಾತು ಮೊದಲೇ ಹೇಳ್ಬುಡ್ತೀನಿ, ಆಮೇಲೆ ಬೇಕಾದ್ರೆ ಜಗಳಕ್ಕೆ ಬನ್ನಿ. ದೊಡ್ಡ ಹೋಟ್ಲೋರು ತಿರುಗಿ ತಿರುಗಿ ಬರೋ ಗಿರಾಕಿಗೆ ಪಾಯಿಂಟು ಅಂತ ಕೊಡ್ತಾರಲ್ಲ, ಅದು ಕೊಸರಲ್ಲ. ಕೊಸರು ಅಂತ ನಂಬ್ಕೊಂಡು ನಮ್ಮ ಮಕ್ಕಳು ಸೊಸೇರು ಅದರ ಹಿಂದೆ ಓಡ್ತಾವ್ರೆ. ಕೊಸರಿನ ಮರ್ಮ ಗೊತ್ತಿರೋರು ನಾವು. ನಾವಾದ್ರೂ ಬಾಯಿ ಬಿಡಬೇಕು.

ಕೊಸರು ಅಂದ್ರೇನು ಅಂತ ನಂಜನಗೂಡಿನ ರಥಬೀದೀಲಿ ಹೂವು ಕೊಳ್ಳೋರಿಗೆ ಹೇಳ್ಕೊಡ್ಬೇಕಾ? ವರ್ತನೆ ಹೂವಿನವಳು ಮಾರು ಅಳೆದ ಮೇಲೆ ಗೇಣು ಜಾಸ್ತಿ ಬುಟ್ಟು ಕಿತ್ತರೆ ಅದು ಕೊಸರು. ರಸಬಾಳೆ ಒಂದು ಡಜನ್ ಎಣಿಸಿ, "ಮಗೀಗೆ ಇರ್ಲಿ ತಗಳವ್ವ" ಅಂತ ಇನ್ನೊಂದು ಹಣ್ಣು ಮುರಿದು ಹಾಕಿದ್ರೆ ಅದು ಕೊಸರು. ಸೊಪ್ಪಿನ ಜತೆಗೆ ಒಂದು ಹಿಡಿ ಕೊತ್ಮಿರಿ ಬಂದ್ರೆ ಅದು ಕೊಸರು. ಇದರಲ್ಲಿ ಮೂರು ಗುಣ ಅದೆ. ಅವತ್ತಿಂದು ಅವತ್ತೇ ಕೈಗೆ ಬತ್ತದೆ. ಎಷ್ಟು ಅಂತ ಕಣ್ಣಿಗೆ ಕಾಣ್ತದೆ. ಸೆರಗಿಗೆ ಬಿದ್ದ ಮೇಲೆ ಯಾರೂ ವಾಪಸ್ ಕೇಳಲ್ಲ. ಕಮ್ಮಿ ಮಾಡಿದ್ಲಾ, ನಾಳೆ ಪಕ್ಕದೋಳ ಹತ್ರ ಹೋಗ್ತೀವಿ. ಅದು ಅವಳಿಗೂ ಗೊತ್ತು.

ಹೋಟ್ಲು ಪಾಯಿಂಟಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಹೋಟ್ಲು ಅಂದ್ರೆ ನಮಗೆ ಇಡ್ಲಿ ಸಾಗು ಹೋಟ್ಲು. ನಾನು ಹೇಳ್ತಿರೋದು ರಾತ್ರಿ ಉಳ್ಕೊಳೋ ದೊಡ್ಡ ಹೋಟ್ಲು, ದೇಶದ ತುಂಬ ಒಂದೇ ಹೆಸರಲ್ಲಿ ನಡೆಯೋವು. ಅದರ ಲೆಕ್ಕ ಹಿಂಗದೆ. ಉಳ್ಕೊಂಡಷ್ಟೂ ಪಾಯಿಂಟು ಬೀಳ್ತದೆ. ಪಾಯಿಂಟು ಗುಡ್ಡೆ ಆದ್ರೆ ಒಂದು ರಾತ್ರಿ ಪುಕ್ಕಟೆ. ಇದು ಒಂದು ಕಡೆ. ಇನ್ನೊಂದು ಕಡೆ ವರ್ಷದಲ್ಲಿ ಎಷ್ಟು ರಾತ್ರಿ ಮಲಗಿದ್ರಿ ಅಂತ ಎಣಿಸಿ ಬೆಳ್ಳಿ, ಚಿನ್ನ, ಪ್ಲಾಟಿನಂ ಅಂತ ಮಟ್ಟ ಕಟ್ತಾರೆ. ಮ್ಯಾರಿಯಟ್ ಅನ್ನೋ ಕಂಪನೀಲಿ 10 ರಾತ್ರಿಗೆ ಬೆಳ್ಳಿ, 25ಕ್ಕೆ ಚಿನ್ನ, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟಾನಿಯಂ. ಮಟ್ಟ ಏರಿದೋರಿಗೆ ಮಧ್ಯಾಹ್ನದ ಮೇಲೂ ರೂಮು ಬಿಡ್ದೆ ಇರಬೌದು, ದೊಡ್ಡ ರೂಮು ಸಿಗಬೌದು. ಬಹಳಷ್ಟರ ಕೆಳಗೆ ಒಂದು ಸಣ್ಣ ಅಕ್ಷರ ಇರ್ತದೆ: ರೂಮು ಖಾಲಿ ಇದ್ರೆ ಮಾತ್ರ.

ವರ್ಷಕ್ಕೆ 50 ರಾತ್ರಿ! ಮದುವೆ ಆದ ಮೇಲೆ ತವರುಮನೇಲಿ ಒಂದು ವರ್ಷಕ್ಕೆ 50 ರಾತ್ರಿ ಮಲಗಿದೋಳು ನಮ್ಮಲ್ಲಿ ಯಾರವ್ವಾ? ಬಾಣಂತನ ಒಂದು ಬುಟ್ಟು ಹೇಳಿ ನೋಡವ. ನನ್ನ ತವರು ಟಿ. ನರಸೀಪುರ, ಇಲ್ಲಿಂದ ಬಸ್ಸು ಹತ್ತಿದ್ರೆ ಹೋದೆ ಬಂದೆ ಅನ್ನೋ ದೂರ, ಆದ್ರೂ ಕೆಲವು ವರ್ಷ ಹೋಗೋಕೇ ಆಗಿರ್ನಿಲ್ಲ. ಹಂಗಂತ ಗೌರಿ ಹಬ್ಬದ ಬಾಗಿನ ನಿಂತಿತಾ? "ನೀನು ಈ ವರ್ಷ ಎರಡೇ ರಾತ್ರಿ ಬಂದಿದ್ದೆ, ಬೆಳ್ಳಿ ಮಟ್ಟಕ್ಕೆ ಇಳ್ದಿದೀಯ, ಮೊರದಲ್ಲಿ ಅರ್ಧ ಬೇಳೆ ಅಷ್ಟೇ" ಅಂತ ಯಾವ ಅಣ್ಣನಾದ್ರೂ ಅಂದವ್ನಾ? ಬರ್ದೆ ಇದ್ದೋಳಿಗೇ ಒಸಿ ಜಾಸ್ತಿ ಹಾಕಿ ಕಳಿಸ್ತಾರೆ, ಬರ್ಲಿ ಅಂತ.

ಹೋದ ಡಿಸೆಂಬರಲ್ಲಿ ಏನಾಯ್ತು ಅಂದ್ರೆ, ನಮ್ಮ ನಾದಿನಿ ಮಗ, ಸೊಸೆ ಬೆಂಗಳೂರಿಂದ ನಂಜುಂಡೇಶ್ವರನ ದರ್ಶನಕ್ಕೆ ಬಂದ್ರು. ಅವರೇಕಾಯಿ ಕಾಲ, ನಾನು ಹಿತಕಿದ ಬೇಳೆ ಸಾರು ಮಾಡಿಟ್ಟಿದ್ದೆ. ಊಟ ಮಾಡಿದ್ರು, ಕೈ ತೊಳೆದ್ರು, ಎದ್ದು ಮೈಸೂರಿಗೆ ಹೊರಟ್ರು. ಯಾಕಪ್ಪಾ ಅಂದ್ರೆ ವರ್ಷ ಮುಗಿಯೋಕೆ ಮುಂಚೆ ಅವನ ಮಟ್ಟ ಉಳಿಬೇಕಂದ್ರೆ ಇನ್ನೆರಡು ರಾತ್ರಿ ಆ ಹೋಟ್ಲಲ್ಲಿ ಮಲಗ್ಲೇಬೇಕಂತೆ. ಅತ್ತೆ ಮನೇಲಿ ಮೂರು ಹಾಸಿಗೆ ಒಗೆದು ಮಡಗಿರುವಾಗ, ಕೈಯಿಂದ ದುಡ್ಡು ಕೊಟ್ಟು, ಬೇಡದ ರೂಮಲ್ಲಿ ಮಲಗೋದಾ? ಕುಂಭಮೇಳ ನಡೆದಾಗ, 2025ರ ಫೆಬ್ರವರೀಲಿ, ನಮ್ಮ ತವರುಮನೆ ಹಜಾರದ ತುಂಬ ಚಾಪೆ ಹಾಸಿತ್ತು. ಯಾರು ಯಾರ ಕಡೆ ನೆಂಟರು ಅಂತಾನೂ ಗೊತ್ತಾಗ್ನಿಲ್ಲ. ಸಂಗಮದಲ್ಲಿ ಮುಳುಗಿ ಬಂದೋರಿಗೆಲ್ಲ ಉಪ್ಪಿಟ್ಟು ಬಿತ್ತು. ಅದನ್ನ ಯಾರೂ ಎಣಿಸ್ನಿಲ್ಲ.

ಕೇಳಿದ್ರೆ ಅವನು, "ಅತ್ತೆ, ಇದು ನಿಮಗೆ ಅರ್ಥ ಆಗಲ್ಲ" ಅಂದ. ಅರ್ಥ ಆಯ್ತದೆ ಕಣಪ್ಪ. ನಿಮ್ಮಮ್ಮನ ಕಥೆ ನೋಡೇ ಅರ್ಥ ಆಯ್ತು.

ನಮ್ಮ ನಾದಿನಿಗೆ ಸಮುದ್ರ ನೋಡೋ ಆಸೆ. ಮಗ ಕೆಲಸದ ಮೇಲೆ ಊರೂರು ಸುತ್ತೋನು, ಮೂರು ವರ್ಷ ಒಂದೇ ಕಂಪನಿ ಹೋಟ್ಲಲ್ಲಿ ಉಳ್ಕೊಂಡು ಪಾಯಿಂಟು ಕೂಡಿಹಾಕ್ದ. ಕಡಲ ದಂಡೇಲಿ ನಾಲ್ಕು ರಾತ್ರಿ, ಅವ್ವನ್ನ ಕರ್ಕೊಂಡು ಹೋಗ್ತೀನಿ ಅಂತ ಹೇಳಿದ್ದ. ಅವಳು ಊರಿಗೆಲ್ಲ ಸಾರಿ, ಎರಡು ಹೊಸ ಕಾಟನ್ ಸೀರೆ ಬೇರೆ ತಗೊಂಡ್ಲು. ಬುಕ್ ಮಾಡೋಕೆ ಕೂತಾಗ ನೋಡಿದ್ರೆ, ನಾಲ್ಕು ರಾತ್ರಿಗೆ ಆಗ್ತಿದ್ದ ಪಾಯಿಂಟು ಎರಡು ರಾತ್ರಿಗೆ ಬಂದು ನಿಂತಿತ್ತು. ಪಾಯಿಂಟು ಒಂದೂ ಕಮ್ಮಿ ಆಗಿರ್ನಿಲ್ಲ, ಅದರ ಬೆಲೆ ಕಮ್ಮಿ ಆಗಿತ್ತು. ಫೋನ್ ಮಾಡಿದ್ರೆ, ನಿಯಮದಲ್ಲೇ ಬರ್ದದೆ, ಯಾವಾಗ ಬೇಕಾದ್ರೂ ಬದಲಾಯಿಸ್ಬೌದು ಅಂದ್ರಂತೆ. ಅಷ್ಟೊತ್ತಿಗೆ ಅವಳ ಮಂಡಿನೋವೂ ಏರಿತ್ತು. ಎರಡು ರಾತ್ರಿಗೆ ಅಷ್ಟು ದೂರ ಯಾಕೆ ಬುಡಪ್ಪ ಅಂದ್ಲು. ಆ ಹೋಟ್ಲಿನ ಹೆಸರು ಇಲ್ಲಿ ಬೇಡ. ಅವಳು ಮಾತ್ರ ಇನ್ನೂ ಸಮುದ್ರ ನೋಡಿಲ್ಲ.

ಇದು ಒಬ್ಬನ ಕರ್ಮ ಅಂತ ತಿಳ್ಕೊಬೇಡಿ, ದೊಡ್ಡ ಕಂಪನಿಗಳ ರೀತೀನೇ ಇದು. ಮುಂಚೆ ಯಾವ ಹೋಟ್ಲಿಗೆ ಎಷ್ಟು ಪಾಯಿಂಟು ಅಂತ ಒಂದು ಪಟ್ಟಿ ಇರೋದು, ನ್ಯಾಯಬೆಲೆ ಅಂಗಡಿ ಬೋರ್ಡಿನ ಥರ. ಹಿಲ್ಟನ್‌ನೋರು 2017ರಲ್ಲಿ ಆ ಪಟ್ಟಿ ತೆಗೆದ್ರು. ಮ್ಯಾರಿಯಟ್‌ನೋರು 2016ರಲ್ಲಿ ಸ್ಟಾರ್‌ವುಡ್ ಅನ್ನೋ ಇನ್ನೊಂದು ಕಂಪನಿ ಕೊಂಡ್ಕೊಂಡು, 2019ರಲ್ಲಿ ಎಲ್ಲಾ ಸೇರಿಸಿ ಬಾನ್‌ವಾಯ್ ಅಂತ ಹೆಸರಿಟ್ಟು, 2022ರಲ್ಲಿ ಪಟ್ಟಿ ಎತ್ತಾಕಿದ್ರು. ಈಗ ಅವತ್ತಿನ ರೂಮಿನ ರೇಟು ಏರಿದಂಗೆ ಪಾಯಿಂಟೂ ಏರ್ತದೆ. ದಸರಾ ಬಂತಾ, ರೇಟು ಮೇಲೆ, ಪಾಯಿಂಟೂ ಮೇಲೆ. ಅದೂ ಸಾಲ್ದು ಅಂತ 24 ತಿಂಗಳು ಆ ಖಾತೇಲಿ ಏನೂ ವ್ಯವಹಾರ ಮಾಡ್ದಿದ್ರೆ ಇರೋ ಪಾಯಿಂಟೂ ಸತ್ತೋಯ್ತದೆ.

ಕೆಲವು ಸಲ ಚೆನ್ನಾಗೂ ಮಾಡ್ತಾರಲ್ಲ ಅಂತೀರಿ. ಮಾಡ್ತಾರೆ. ಯಾವಾಗ ಅಂತ ನೋಡಿ. 2020ರಲ್ಲಿ ಕೊರೊನಾ ಬಂದು ರೂಮೆಲ್ಲ ಖಾಲಿ ಹೊಡೀತಿದ್ದಾಗ, ನಿಮ್ಮ ಮಟ್ಟ ಇಳಿಸಲ್ಲ, ಪಾಯಿಂಟು ಸಾಯ್ಸಲ್ಲ ಅಂತ ಒಬ್ಬರ ಮೇಲೊಬ್ಬರು ಹೇಳಿದ್ರು. ಜನ ತಿರುಗಿ ಓಡಾಡೋಕೆ ಶುರು ಮಾಡಿದ್ರೋ ಇಲ್ವೋ, ಪಟ್ಟಿ ಹೋಯ್ತು. ಹಿಲ್ಟನ್‌ನೋರು 2026ರಿಂದ ಚಿನ್ನದ ಮಟ್ಟಕ್ಕೆ 40 ರಾತ್ರಿ ಬೇಡ, 25 ಸಾಕು ಅಂದವ್ರೆ. ಒಳ್ಳೇದೇ. ಅದರ ಜತೇಲೇ ಎಲ್ಲದಕ್ಕಿಂತ ಮೇಲೆ ಇನ್ನೊಂದು ಹೊಸ ಮಟ್ಟ ಕಟ್ಟವ್ರೆ. ಕೆಳಗಿನ ಮೆಟ್ಲು ತಗ್ಗಿಸಿ ಮೇಲೆ ಇನ್ನೊಂದು ಮೆಟ್ಲು ಹಾಕಿದ್ರೆ, ಹತ್ತೋದು ನಿಲ್ಲಲ್ಲ ಅಂತ ಅವರಿಗೆ ಗೊತ್ತು.

ನಂದಿನಿ ಹಾಲು ನೆನಪದೆಯಾ? 2024ರ ಜೂನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದ್ರು. ನೀಲಿ ಪ್ಯಾಕೆಟ್ 42 ಇದ್ದದ್ದು 44 ಆಯ್ತು. 2025ರ ಏಪ್ರಿಲ್ 1ಕ್ಕೆ ಆ 50 ಮಿಲೀನೂ ಹೋಯ್ತು, ಲೀಟರು 46 ಆಯ್ತು. ದುಡ್ಡು ಈಸ್ಕೊಂಡು ಕೊಟ್ಟದ್ದು, ಅದೂ ಕೊಸರಲ್ಲ. ಆದ್ರೂ ಒಂದು ಮಾತು ಒಪ್ಕೊಬೇಕು. ಎಷ್ಟು ಹಾಲು, ಎಷ್ಟು ದುಡ್ಡು ಅಂತ ಪ್ಯಾಕೆಟ್ ಮೇಲೆ ಅಚ್ಚಾಗಿತ್ತು. ಪೇಪರಲ್ಲಿ ಬಂತು, ನಾವು ಬೀದೀಲಿ ನಿಂತು ಬೈದ್ವಿ, ಡೈರಿಗೆ ಹಾಲು ಹಾಕೋ ನಮ್ಮ ಹಳ್ಳಿ ಹೆಂಗಸರು ಹಸು ಕಟ್ಟಿ ನೋಡಿ ಆಮೇಲೆ ಮಾತಾಡಿ ಅಂದ್ರು. ಜಗಳಕ್ಕೆ ಒಂದು ಲೆಕ್ಕ ಇತ್ತು. ಪಾಯಿಂಟಿನ ಮೇಲೆ ಬೆಲೆ ಅಚ್ಚಾಗಿರಲ್ಲ. ಯಾವುದನ್ನ ಹಿಡ್ಕೊಂಡು ಜಗಳ ಆಡೋದು?

ಓದಿರೋ ಮಕ್ಕಳು ಇದಕ್ಕೊಂದು ಉತ್ತರ ಇಟ್ಕೊಂಡಿರ್ತಾರೆ. "ರೂಮಿನ ದುಡ್ಡು ಕೊಡೋದು ಆಫೀಸು, ಪಾಯಿಂಟು ನಮಗೆ. ಹೋದ್ರೆ ನಮ್ದೇನು ಹೋಯ್ತು?" ಅಂತ. ಗುಟ್ಟು ಇರೋದೇ ಇಲ್ಲಿ. ಯಜಮಾನಿ ದುಡ್ಡಲ್ಲಿ ತರಕಾರಿ ತರೋ ಆಳಿಗೆ ಅಂಗಡಿಯವನು ಗುಟ್ಟಾಗಿ ಕೊಸರು ಕೊಟ್ರೆ, ಆ ಆಳು ಚೌಕಾಸಿ ಮಾಡ್ತಾನಾ? ಪಕ್ಕದ ಅಂಗಡೀಲಿ ಅಗ್ಗ ಅದೆ ಅಂತ ಹೇಳ್ತಾನಾ? ಪಾಯಿಂಟು ಇರೋದು ಚೌಕಾಸಿ ಮಾಡೋ ಬಾಯಿ ಮುಚ್ಚೋಕೆ. ಒಂದು ಸಲ ಬಾಯಿ ಮುಚ್ಚೋದು ರೂಢಿ ಆದ್ರೆ ಸ್ವಂತ ದುಡ್ಡು ಕೊಡುವಾಗಲೂ ತೆರೆಯಲ್ಲ. ನಾದಿನಿ ಮಗ ಹೆಂಡ್ತಿ ಮಕ್ಕಳ ಜತೆ ಊರಿಗೆ ಹೋದಾಗಲೂ, ಪಕ್ಕದಲ್ಲಿ ಅಗ್ಗದ ಒಳ್ಳೆ ಲಾಡ್ಜ್ ಇದ್ರೂ ಅದೇ ಹೋಟ್ಲು ಹುಡುಕ್ತಿದ್ದ. ಮೂರು ವರ್ಷ ಹಂಗೆ ಹೋದ ದುಡ್ಡಲ್ಲಿ ನಾದಿನಿ ರೈಲಲ್ಲಿ ಹೋಗಿ ಸಮುದ್ರ ನೋಡ್ಕೊಂಡು ಬಂದಿರೋಳು.

ನಾವೇನು ಅಂಥ ಹೋಟ್ಲಲ್ಲಿ ಮಲಗ್ತೀವಾ, ನಮಗ್ಯಾಕೆ ಈ ರಾಮಾಯಣ ಅಂತ ಕೆಲವರು ಮೂಗು ಮುರೀಬೌದು. ಸೂಪರ್ ಮಾರ್ಕೆಟ್ಟಲ್ಲಿ ಬಿಲ್ಲು ಹಾಕುವಾಗ "ಮೇಡಂ, ಫೋನ್ ನಂಬರ್ ಹೇಳಿ" ಅಂತಾನಲ್ಲ, ಅದೂ ಇದೇ. ಇನ್ನು 80 ರೂಪಾಯಿ ಸಾಮಾನು ತಗೊಂಡ್ರೆ ಪಾಯಿಂಟು ಬತ್ತದೆ ಅಂದಾಗ, ಬೇಡದ ಬಿಸ್ಕತ್ತು ಪ್ಯಾಕೆಟ್ ಬುಟ್ಟಿಗೆ ಬೀಳ್ತದೆ. ಹೋಟ್ಲಲ್ಲಿ ಬೇಡದ ರಾತ್ರಿ, ಅಂಗಡೀಲಿ ಬೇಡದ ಬಿಸ್ಕತ್ತು. ಹುಟ್ಟೋದು ಒಂದೇ ಬುದ್ಧೀಲಿ.

ಹಂಗಾದ್ರೆ ಏನು ಮಾಡ್ಬೇಕು? ಸರಿಯಾಗಿ ನಡೆಸೋ ದಾರಿ ಇಲ್ದೆ ಏನಿಲ್ಲ. 2022ರಲ್ಲಿ ಟಾಟಾ ನ್ಯೂ ಬಂದಾಗ ತಾಜ್ ಹೋಟ್ಲ ಪಾಯಿಂಟೆಲ್ಲ ನ್ಯೂಕಾಯಿನ್ ಆಯ್ತು, ಒಂದು ಕಾಯಿನ್ನಿಗೆ ಒಂದು ರೂಪಾಯಿ ಅಂತ ಲೆಕ್ಕ ಹೇಳಿದ್ರು. ಕಣ್ಣಿಗೆ ಕಾಣೋ ಲೆಕ್ಕ, ಅಷ್ಟರ ಮಟ್ಟಿಗೆ ವಾಸಿ. ಚಿನ್ನದ ಸ್ಕೀಮು ನೋಡಿ. 2014ರಲ್ಲಿ ಬಂದ ಕಂಪನಿ ನಿಯಮದ ಪ್ರಕಾರ ಮುಂಗಡ ಈಸ್ಕೊಂಡ ಕಂಪನಿ 365 ದಿನದೊಳಗೆ ಒಡವೆ ಕೊಡ್ಲೇಬೇಕು, ಇಲ್ದಿದ್ರೆ ಅದು ಠೇವಣಿ ಲೆಕ್ಕಕ್ಕೆ ಹೋಗಿ ಬೇರೆ ಕಟ್ಟುಪಾಡು ಬತ್ತವೆ. ಅದಕ್ಕೇ ಸ್ಕೀಮುಗಳು 11 ತಿಂಗಳಿಗೆ ಬಂದು ನಿಂತವೆ. ನಮ್ಮ ಚಿನ್ನದ ಮುಂಗಡಕ್ಕೆ ಒಂದು ಗಡುವು ಕಟ್ಟೋಕೆ ಆಯ್ತದೆ ಅಂದ್ರೆ ಪಾಯಿಂಟಿಗೆ ಯಾಕಾಗಲ್ಲ? ಇವತ್ತು ಕೊಟ್ಟ ಪಾಯಿಂಟಿಗೆ ಇವತ್ತಿನ ಬೆಲೆ ಕನಿಷ್ಠ ಒಂದು ವರ್ಷ ನಡೀಬೇಕು. ಬದಲಾಯ್ಸೋದಿದ್ರೆ ಮೊದಲೇ ತಿಳಿಸಿ, ಹಳೇದನ್ನ ಹಳೇ ಲೆಕ್ಕದಲ್ಲಿ ತೀರಿಸ್ಬೇಕು. ನಾನು ಕೇಳೋದು ಇಷ್ಟೇ. 2020ರ ಜುಲೈನಿಂದ ಜಾರೀಲಿರೋ ಹೊಸ ಗ್ರಾಹಕ ಕಾಯ್ದೇಲಿ ಅನ್ಯಾಯದ ಒಪ್ಪಂದ ಅಂತ ಒಂದು ಮಾತು ಅದೆ. ಸರಿಯಾದ ಕಾರಣ ಇಲ್ದೆ ಒಂದೇ ಕಡೆಯೋರು ಒಪ್ಪಂದ ಮುರಿಯೋ ಹಂಗೆ ಬರ್ಕೊಂಡಿದ್ರೆ ಅದನ್ನ ಪ್ರಶ್ನೆ ಮಾಡ್ಬೌದು. ಮೋಸ ಆಯ್ತು ಅನ್ಸಿದ್ರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು.

ಅಲ್ಲಿವರೆಗೂ ಮನೆಮಟ್ಟಿಗೆ ಮಾಡೋದು ಒಸಿ ಅದೆ. ಮಕ್ಕಳ ಫೋನಲ್ಲಿ ಪಾಯಿಂಟು ಎಷ್ಟದೆ ಅಂತ ಈ ಭಾನುವಾರ ಕೂತು ನೋಡಿ. ಇದ್ರೆ ಮುಂದಿನ ವರ್ಷಕ್ಕೆ ಅಂತ ಮಡಗ್ಬೇಡಿ, ಈಗ್ಲೇ ಖರ್ಚು ಮಾಡ್ಸಿ. ಅದು ಉಪ್ಪಿನಕಾಯಿ ಅಲ್ಲ, ಇಟ್ಟಷ್ಟೂ ರುಚಿ ಏರೋಕೆ. ರೂಮು ತಗೊಳೋವಾಗ "ಪಾಯಿಂಟು ಬೇಡಪ್ಪ, ಬಿಲ್ಲಲ್ಲಿ ಎಷ್ಟು ಬಿಡ್ತೀಯ?" ಅಂತ ಕೇಳೋದು ಕಲಿಸಿ. ಕೇಳಿದ್ರೆ ಮಾನ ಹೋಗಲ್ಲ. ಮಟ್ಟ ಉಳಿಸ್ಕೊಳೋಕೆ ಅಂತ ಒಂದು ರಾತ್ರೀನೂ ದುಡ್ಡು ಕೊಟ್ಟು ಮಲಗೋದು ಬೇಡ. ಅವ್ವನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೋದಿದ್ರೆ ಪಾಯಿಂಟು ತುಂಬ್ಲಿ ಅಂತ ಕಾಯ್ಬೇಡಿ, ಮಂಡಿ ಗಟ್ಟಿ ಇರುವಾಗ್ಲೇ ಟಿಕೇಟ್ ತೆಗೀರಿ.

ದೊಡ್ಡ ಜಾತ್ರೆಗೆ ನಂಜನಗೂಡಿಗೆ ಬರೋರು ನಮ್ಮನೆಗೇ ಬನ್ನಿ. ಬೆಳಿಗ್ಗೆ ತೇರು ಎಳೆಯೋಕೆ ಮುಂಚೆ ಜಾಗ ಸಿಗ್ಬೇಕಂದ್ರೆ ಹಿಂದಿನ ರಾತ್ರೀನೇ ಬಂದು ಮಲಗಿ. ಮೊದಲನೇ ಸಲ ಬಂದೋರಿಗೂ ಇಪ್ಪತ್ತನೇ ಸಲ ಬಂದೋರಿಗೂ ಅದೇ ಚಾಪೆ, ಅದೇ ಕಾಫಿ. ಜಾಸ್ತಿ ಜನ ಆದ್ರೆ ಮಹಡಿ ಮೇಲೂ ಹಾಸ್ತೀನಿ.