ಬೆಂಗಳೂರಿನ ತರುಣನೂ ಯುರೋಪಿನ ಏಣಿಯೂ

2025ನೆಯ ಇಸವಿ ಮೇ ತಿಂಗಳ 24ನೆಯ ತಾರೀಖು ಮೊನಾಕೋ ಪಟ್ಟಣದ ಇಕ್ಕಟ್ಟಾದ ಬೀದಿಗಳಲ್ಲಿ ಜರುಗಿದ ಫಾರ್ಮುಲಾ 2 ಮೋಟಾರು ಪಂದ್ಯದಲ್ಲಿ ಬೆಂಗಳೂರಿನ ತರುಣ ಶ್ರೀ ಕುಶ್ ಮೈನಿಯವರು ಯಾರಿಗೂ ಮುಂದೆ ಸಾಗಲು ಎಡೆಗೊಡದೆ ಜಯಗಳಿಸಿದ ವಾರ್ತೆಯನ್ನು ವಾಚಕರು ಬಲ್ಲರು. ಆ ಬೀದಿಗಳಲ್ಲಿ ಈ ದರ್ಜೆಯ ಪಂದ್ಯವನ್ನು ಗೆದ್ದ ಭಾರತೀಯರಲ್ಲಿ ಇವರೇ ಮೊದಲಿಗರು. ಅಭಿನಂದನೆಯ ಮಾತುಗಳು ದೇಶದ ನಾನಾ ಕಡೆಗಳಿಂದ ಬಂದವು. ನಮ್ಮದೂ ಅವುಗಳೊಡನೆ ಸೇರಿದೆ. ಆದರೆ ಹೂಮಾಲೆ ಹಾಕಿ ಮನೆಗೆ ತೆರಳುವುದು ಸುಲಭದ ಕೆಲಸ. ಈ ಜಯದ ತೂಕವೆಷ್ಟು, ಇದಕ್ಕಾಗಿ ಹತ್ತಿದ ಏಣಿ ಯಾರದು, ಆ ಏಣಿಯ ಬುಡವನ್ನು ನಮ್ಮ ನಾಡಿನ ಇತರ ಹುಡುಗರು ಮುಟ್ಟಬಲ್ಲರೇ ಎಂಬುದನ್ನೂ ವಿಚಾರಿಸಬೇಕು.

ಮೊದಲು ತೂಕದ ಮಾತು. ಈ ದರ್ಜೆಯಲ್ಲಿ ಒಂದೊಂದು ಊರಿನಲ್ಲಿಯೂ ಎರಡೆರಡು ಪಂದ್ಯಗಳು ನಡೆಯುವುವು. ಶನಿವಾರದ್ದು ಚಿಕ್ಕದು, ಭಾನುವಾರದ್ದು ದೊಡ್ಡದು. ಅರ್ಹತಾ ಓಟದಲ್ಲಿ ಮೊದಲ ಹತ್ತು ಸ್ಥಾನ ಪಡೆದವರನ್ನು ಚಿಕ್ಕ ಪಂದ್ಯದಲ್ಲಿ ತಲೆಕೆಳಗು ಮಾಡಿ ನಿಲ್ಲಿಸುವರು. ಹತ್ತನೆಯವನು ಎಲ್ಲರಿಗಿಂತ ಮುಂದೆ ನಿಲ್ಲುವನು. ಶ್ರೀ ಮೈನಿಯವರು ಅಂದು ಮುಂದೆ ನಿಂತದ್ದು ಈ ನಿಯಮದಿಂದಲೇ. ಚಿಕ್ಕ ಪಂದ್ಯದ ಜಯಕ್ಕೆ 10 ಅಂಕ, ದೊಡ್ಡದಕ್ಕೆ 25. ಮೊನಾಕೋದಲ್ಲಿ ಹಿಂದಿನ ಕಾರು ಮುಂದಿನದನ್ನು ದಾಟುವುದು ಬಹು ಕಷ್ಟವೆಂಬುದೂ ಪ್ರಸಿದ್ಧವೇ. ಇಷ್ಟು ಹೇಳಿ ಜಯವನ್ನು ಕಿರಿದುಮಾಡುವ ಉದ್ದೇಶ ನಮಗಿಲ್ಲ. ರಸ್ತೆಯ ಇಕ್ಕೆಲಗಳಲ್ಲಿಯೂ ಉಕ್ಕಿನ ತಡೆಗಳಿರುವಲ್ಲಿ, ಗೇಣುದ್ದ ತಪ್ಪಿದರೆ ಚಕ್ರ ಮುರಿಯುವಲ್ಲಿ, ಬೆನ್ನಟ್ಟಿದ ಕಾರಿನ ಸದ್ದನ್ನು ಕೇಳುತ್ತ 30 ಸುತ್ತು ಚಿತ್ತ ಚಲಿಸದೆ ನಡೆಸುವುದು ಅದೃಷ್ಟವೊಂದರಿಂದ ಆಗತಕ್ಕ ಕೆಲಸವಲ್ಲ.

ಇವರ ಹಿಂದಿನ ಚರಿತ್ರೆಯನ್ನು ನೋಡಿದರೆ ಏಣಿಯ ಸ್ವರೂಪ ಗೊತ್ತಾಗುವುದು. ಜನನ 2000ದಲ್ಲಿ. ಬಾಲ್ಯದಲ್ಲಿ ಕಾರ್ಟ್ ಎಂಬ ಪುಟ್ಟ ಗಾಡಿ. 2016ರಲ್ಲಿ ಇಟಲಿಯ ಫಾರ್ಮುಲಾ 4. 2018ರಲ್ಲಿ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಮೂರನೆಯ ಸ್ಥಾನ. 2020ರಲ್ಲಿ ಅಲ್ಲಿಯೇ ಎರಡನೆಯ ಸ್ಥಾನ. 2023ರಲ್ಲಿ ಫಾರ್ಮುಲಾ 2ಕ್ಕೆ ಏರಿದರು; ಅದೇ ವರ್ಷ ಫ್ರಾನ್ಸಿನ ಆಲ್ಪಿನ್ ಸಂಸ್ಥೆಯ ಶಿಕ್ಷಣ ತಂಡಕ್ಕೂ ಸೇರಿದರು. 2024ರ ಪ್ರಾರಂಭದಲ್ಲಿ ಬಹರೈನಿನ ಅರ್ಹತಾ ಓಟದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದರೂ ಕಾರಿನ ಅಳತೆ ನಿಯಮಕ್ಕೆ ಸರಿಹೊಂದಲಿಲ್ಲವೆಂದು ಆ ಸ್ಥಾನ ರದ್ದಾಯಿತು. ಅದೇ ವರ್ಷ ಹಂಗೆರಿಯಲ್ಲಿ ಇದಕ್ಕೆ ವಿಪರೀತ: ಮುಂದೆ ಬಂದವನ ಕಾರು ನಿಯಮ ಮೀರಿದ್ದುದರಿಂದ ಜಯವು ಎರಡನೆಯವರಾದ ಇವರ ಪಾಲಿಗೆ ಬಂತು. ಒಂದು ಕೈಯಲ್ಲಿ ಕಸಿದುಕೊಂಡುದನ್ನು ನಿಯಮವು ಇನ್ನೊಂದು ಕೈಯಲ್ಲಿ ಕೊಟ್ಟಂತಾಯಿತು.

ಆದರೆ ಕೀರ್ತಿಗಾಗಿ ಅಂಕೆಗಳನ್ನು ಮುಚ್ಚಿಡುವುದು ತಕ್ಕದ್ದಲ್ಲ. 2024ರಲ್ಲಿ ಅದೇ ತಂಡದ ಅಂಥದೇ ಕಾರನ್ನು ಓಡಿಸಿದ ಬ್ರೆಜಿಲಿನ ಗಾಬ್ರಿಯೆಲ್ ಬೋರ್ಟೊಲೆಟೊ ಎಂಬ ತರುಣನು ಆ ವರ್ಷದ ಚಾಂಪಿಯನ್ನನಾಗಿ 2025ರಲ್ಲಿ ಫಾರ್ಮುಲಾ 1ಕ್ಕೆ ಹೋದನು. ಶ್ರೀ ಮೈನಿಯವರು 2023, 2024, 2025 ಈ ಮೂರು ವರ್ಷಗಳಲ್ಲಿಯೂ ಒಟ್ಟು ಅಂಕಗಳಲ್ಲಿ ಮೊದಲ ಹತ್ತರೊಳಗೆ ಬರಲಿಲ್ಲ. ಫಾರ್ಮುಲಾ 1ರಲ್ಲಿ ಸ್ಪರ್ಧಿಸಲು ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಮೂರು ವರ್ಷಗಳಲ್ಲಿ 40 ಅಂಕ ಸೇರಿಸಬೇಕು. ಫಾರ್ಮುಲಾ 2ರ ಮೊದಲ ಮೂವರಿಗೆ ಒಂದೇ ಸಲಕ್ಕೆ 40 ಸಿಕ್ಕುವುದು; ಹತ್ತರಿಂದ ಕೆಳಗಿನವರಿಗೆ ಸೊನ್ನೆ. 2025ರಲ್ಲಿ ಆಲ್ಪಿನ್ ಸಂಸ್ಥೆಯು ಇವರನ್ನು ಪರೀಕ್ಷಾ ಹಾಗೂ ಮೀಸಲು ಚಾಲಕರನ್ನಾಗಿ ನೇಮಿಸಿದುದು ಗೌರವವೇ ಸರಿ. ಆದರೆ ಮೀಸಲಿನ ಪೀಠಕ್ಕೂ ಪಂದ್ಯದ ಪೀಠಕ್ಕೂ ನಡುವೆ ಈ ಅಂಕಗಳ ಕಂದಕವುಂಟು. 2012ರಲ್ಲಿ ಶ್ರೀ ನರೇನ್ ಕಾರ್ತಿಕೇಯನ್‌ರವರು ಕೊನೆಯ ಪಂದ್ಯವನ್ನೋಡಿಸಿದ ತರುವಾಯ 2025ರ ಕೊನೆಯವರೆಗೆ ಭಾರತೀಯರೊಬ್ಬರೂ ಅದನ್ನು ದಾಟಲಿಲ್ಲ.

ಹಣದ ವಿಷಯಕ್ಕೆ ಬರೋಣ. ಇಡೀ ಪ್ರಶ್ನೆಯ ಗಂಟು ಅಲ್ಲಿಯೇ ಇರುವುದು. ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ಚಾಲಕನಿಗೆ ಸಂಬಳ ಕೊಡುವವರಿಲ್ಲ. ಚಾಲಕನೇ, ಅಥವಾ ಅವನ ಪರವಾಗಿ ಯಾರಾದರೊಬ್ಬರು, ತಂಡಕ್ಕೆ ಹಣ ತೆರಬೇಕು. ಫಾರ್ಮುಲಾ 2ರ ಒಂದು ವರ್ಷದ ಲೆಕ್ಕವನ್ನು ಕೋಟಿಗಳಲ್ಲಿಯೇ ಎಣಿಸಬೇಕು. ಮೈನಿ ಮನೆತನವು ಬೆಂಗಳೂರಿನಲ್ಲಿ ಹೆಸರಾದ ಕೈಗಾರಿಕೋದ್ಯಮಿಗಳದು. 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ಈ ನಗರದಿಂದ ಹೊರತಂದವರು ಆ ಮನೆಯವರೇ. ತಂದೆ ತಾವೂ ರೇಸುಗಳಲ್ಲಿ ಓಡಿಸಿದವರು. ಅಣ್ಣ ಶ್ರೀ ಅರ್ಜುನ್ ಮೈನಿಯವರು 2018ರಲ್ಲಿ ಇದೇ ಫಾರ್ಮುಲಾ 2ರಲ್ಲಿ ಸ್ಪರ್ಧಿಸಿ, ಬಳಿಕ ಜರ್ಮನಿಯ ಡಿಟಿಎಂ ಪಂದ್ಯಗಳಿಗೆ ಹೋದರು. ಇದರಲ್ಲಿ ನಿಂದಿಸತಕ್ಕದ್ದೇನೂ ಇಲ್ಲ. ಮನೆಯಲ್ಲಿ ವೀಣೆಯಿದ್ದರೆ ಮಕ್ಕಳು ನುಡಿಸಿಯಾರು. ವೀಣೆಯಿಲ್ಲದ ಮನೆಯ ಮಗುವಿನ ಗತಿಯೇನೆಂಬುದೇ ನಮ್ಮ ಪ್ರಶ್ನೆ.

ಇದು ಸಿರಿವಂತರ ಆಟ, ಇದರ ಗೊಡವೆ ಸಾರ್ವಜನಿಕರಿಗೇಕೆ ಎಂದು ಕೆಲವರು ಹೇಳುವರು. ಇಂಗ್ಲೆಂಡಿನ ಸ್ಟೀವನೇಜ್ ಪಟ್ಟಣದ ಲೂಯಿಸ್ ಹ್ಯಾಮಿಲ್ಟನ್ ಸಿರಿವಂತರ ಮಗನಲ್ಲ. ಮಗನ ಕಾರ್ಟಿನ ಖರ್ಚಿಗಾಗಿ ಆತನ ತಂದೆ ಹಲವು ಕೆಲಸಗಳನ್ನು ಹಿಡಿದು ದುಡಿದವರು. 1998ರಲ್ಲಿ, ಹುಡುಗನಿಗೆ 13 ವರ್ಷವಾಗಿದ್ದಾಗ, ಮ್ಯಾಕ್ಲಾರೆನ್ ಸಂಸ್ಥೆ ಅವನ ಭಾರವನ್ನು ವಹಿಸಿಕೊಂಡಿತು. ಆತ ಮುಂದೆ ಏಳು ಸಲ ಜಗತ್ತಿನ ಚಾಂಪಿಯನ್ನನಾದುದು ಎಲ್ಲರಿಗೂ ತಿಳಿದದ್ದೇ. ಆದರೆ ಸಂಸ್ಥೆಯ ಕಣ್ಣು ಹುಡುಗನ ಮೇಲೆ ಬೀಳಬೇಕಾದರೆ ಮೊದಲು ಅವನಿಗೆ ಮನೆಯ ಹತ್ತಿರ ಒಂದು ಕಾರ್ಟ್ ಪಥ, ವಾರವಾರವೂ ಒಂದು ಪಂದ್ಯ ಇರಬೇಕಷ್ಟೆ. ನಮ್ಮಲ್ಲಿಯೂ 2011ರಲ್ಲಿ ಫೋರ್ಸ್ ಇಂಡಿಯಾ ತಂಡದವರು ಮಕ್ಕಳನ್ನು ಪರೀಕ್ಷಿಸಿ ಆರಿಸಿದಾಗ ಆಯ್ಕೆಯಾದವರಲ್ಲಿ ಅರ್ಜುನ್ ಮೈನಿಯವರೂ ಮುಂಬಯಿಯ ಜೆಹಾನ್ ದಾರುವಾಲಾರವರೂ ಇದ್ದರು. ಇಬ್ಬರೂ ಫಾರ್ಮುಲಾ 2ರವರೆಗೆ ಏರಿದರು. ಹುಡುಕಿದರೆ ಸಿಕ್ಕುವರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಸರ್ಕಾರಗಳು ಈವರೆಗೆ ಹಿಡಿದ ದಾರಿ ವಿಚಿತ್ರವಾದುದು. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ಮೂರು ಗ್ರಾಂಡ್ ಪ್ರೀ ಪಂದ್ಯಗಳು ನಡೆದವು. ಇದು ಕ್ರೀಡೆಯೋ ಮನೋರಂಜನೆಯೋ, ತೆರಿಗೆ ಎಷ್ಟು, ಕೊಡತಕ್ಕವರು ಯಾರು ಎಂಬ ವ್ಯಾಜ್ಯದಲ್ಲಿ ಉತ್ಸಾಹವೆಲ್ಲ ಕರಗಿತು. ಪಂದ್ಯ ನಿಂತು ವರ್ಷಗಳಾದ ಮೇಲೆ, 2017ರಲ್ಲಿ, ಸರ್ವೋಚ್ಚ ನ್ಯಾಯಾಲಯವು ವಿದೇಶೀ ಸಂಸ್ಥೆ ಇಲ್ಲಿ ತೆರಿಗೆಗೆ ಒಳಪಟ್ಟದ್ದೆಂದು ತೀರ್ಪಿತ್ತಿತು. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈ ನಗರದ ಬೀದಿಗಳಲ್ಲಿ ಸರ್ಕಾರವೇ ಮುಂದೆ ನಿಂತು ರಾತ್ರಿಯ ದೀಪಗಳಲ್ಲಿ ಫಾರ್ಮುಲಾ 4 ಪಂದ್ಯ ನಡೆಸಿತು. ನೋಡಲು ಸೊಗಸು, ನಿಜ. ಬೀದಿಯ ತಡೆಗಳನ್ನು ಕಿತ್ತ ಮರುದಿನ ಹತ್ತು ವರ್ಷದ ಹುಡುಗನಿಗೆ ಅಲ್ಲಿ ಉಳಿದುದೇನು?

ಯುರೋಪಿನ ತಂಡಗಳಿಗೆ ನಮ್ಮ ಖಜಾನೆಯಿಂದ ಕೋಟಿಗಳನ್ನು ತೆರಬೇಕೆಂದು ನಾವು ಹೇಳುವವರಲ್ಲ. ಶಾಲೆಗಳ ಮಾಡು ಸೋರುವಾಗ ಅದು ನ್ಯಾಯವೂ ಅಲ್ಲ. ಕರ್ನಾಟಕ ಸರ್ಕಾರದವರನ್ನು ಕೇಳುವುದು ಅಲ್ಪವಾದುದು. ದೊಡ್ಡ ಕಾರಿನ ಅಭ್ಯಾಸಕ್ಕೆ ನಮ್ಮವರು ಕೊಯಮತ್ತೂರಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಹೋಗುವುದು ವಾಡಿಕೆ. ಅದು ಹಾಗೆಯೇ ಇರಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಳಿ ಮಕ್ಕಳಿಗಾಗಿ ಒಂದೊಂದು ಕಾರ್ಟ್ ಪಥಕ್ಕೆ ನೆಲ ಕೊಡಲಿ. ಗಾಡಿಗಳನ್ನು ಪಥದವರೇ ಇಟ್ಟುಕೊಂಡು ಸುತ್ತಿನ ಲೆಕ್ಕದಲ್ಲಿ ಅಗ್ಗವಾಗಿ ಬಾಡಿಗೆಗೆ ಕೊಡಲಿ. ವೇಗದ ಪಟ್ಟಿಯನ್ನು ಪ್ರತಿ ತಿಂಗಳೂ ಪ್ರಕಟಿಸಲಿ. ಈ ರಾಜ್ಯದಲ್ಲಿ ಕಾರುಗಳನ್ನೂ ಅವುಗಳ ಭಾಗಗಳನ್ನೂ ತಯಾರಿಸಿ ಲಾಭ ಪಡೆಯುವ ಕಾರ್ಖಾನೆಗಳಿಗೆ ಆ ಪಟ್ಟಿಯ ಮೇಲಿನ ಎರಡು ಮೂರು ಹೆಸರುಗಳ ಭಾರವನ್ನು ಹೊರುವುದು ದೊಡ್ಡ ಮಾತಲ್ಲ.